ಹಾಜರಿ ಪುಸ್ತಕದಲ್ಲಿ ಗೀಟು ಬಿದ್ದ ಹೆಸರುಗಳು

ಹೋದ ವರ್ಷ ನಮ್ಮೂರಿನ ಖೋ ಖೋ ಕ್ಲಬ್ಬಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಬೀರುವಿನ ಬೀಗದ ಕೈ, ರಬ್ಬರ್ ಸ್ಟಾಂಪು, ರಸೀದಿ ಪುಸ್ತಕ, ಜೊತೆಗೆ ಹಳೆಯ ಹಾಜರಿ ಪುಸ್ತಕಗಳ ಒಂದು ಕಟ್ಟು ನನ್ನ ಕೈಗೆ ಬಂತು. ಒಂದು ಭಾನುವಾರ ಜಗಲಿ ಮೇಲೆ ಕೂತು ಆ ಪುಸ್ತಕಗಳನ್ನು ತಿರುವುತ್ತಿದ್ದೆ. ಎಡಗಡೆ ಹೆಸರು, ಬಲಗಡೆ ತಿಂಗಳ ದಿನಗಳಿಗೆ ಸಣ್ಣ ಸಣ್ಣ ಮನೆ. ಬಂದರೆ 'ಹಾ', ಬಾರದಿದ್ದರೆ 'ಗೈ'. ಎರಡು ವಾರ ಸಾಲಾಗಿ 'ಗೈ' ಬಿದ್ದರೆ ಹೆಸರಿನ ಮೇಲೆ ಸ್ಕೇಲಿಟ್ಟು ಎಳೆದ ಒಂದು ಕೆಂಪು ಗೀಟು. ಮೂರು ವರ್ಷದಲ್ಲಿ ಅಂಥ 41 ಗೀಟು ಎಣಿಸಿದೆ. ಅದರಲ್ಲಿ 27 ಹೆಣ್ಣುಮಕ್ಕಳ ಹೆಸರಿನ ಮೇಲೆ. ಒಂದರ ಪಕ್ಕದಲ್ಲೂ ಯಾಕೆ ಬಿಟ್ಟರು ಅಂತ ಬರೆದಿರಲಿಲ್ಲ.

ಕೋಚ್ ಹತ್ತಿರ ಕೇಳಿದೆ. "ಮಕ್ಕಳು ಬರ್ತಾರೆ, ಹೋಗ್ತಾರೆ ಮೇಡಂ. ಎಸ್ಸೆಸ್ಸೆಲ್ಸಿ ಬಂತು ಅಂದ್ರೆ ಅರ್ಧ ಗ್ರೌಂಡು ಖಾಲಿ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಟ್ಯೂಷನ್, ಪರೀಕ್ಷೆ, ಅಪ್ಪನ ವರ್ಗಾವಣೆ, ಮೊಣಕಾಲು ನೋವು, ಎಷ್ಟೋ ಕಾರಣ ಇರುತ್ತವೆ. ಆದರೆ ಆ ಗೀಟುಗಳಲ್ಲಿ ಕೆಲವು ಆರನೇ ಕ್ಲಾಸಿನ, ಏಳನೇ ಕ್ಲಾಸಿನ ಮಕ್ಕಳದು. ಅವರಿಗೆ ಯಾವ ಎಸ್ಸೆಸ್ಸೆಲ್ಸಿ? ಪುಸ್ತಕ ಮುಚ್ಚಿಟ್ಟರೂ ಅದು ತಲೆಯಿಂದ ಹೋಗಲಿಲ್ಲ. ಯಾಕೆ ಅಂದರೆ ಅಂಥದೇ ಒಂದು ಗೀಟು ನನಗೆ 1994ರಿಂದ ಗೊತ್ತು.

ಅವಳ ಜಾಗ

ನಾನಾಗ ಏಳನೇ ಕ್ಲಾಸು. ನಮ್ಮ ಶಾಲೆಯ ತಂಡದಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಒಬ್ಬಳಿದ್ದಳು. ಅವಳ ಹೆಸರು ಇಲ್ಲಿ ಬೇಡ. ಕಂಬದ ಹತ್ತಿರ ಅವಳು ಡೈವ್ ಹೊಡೆಯುವುದನ್ನು ನೋಡಬೇಕಿತ್ತು. ಎಡಗೈಯಲ್ಲಿ ಕಂಬ ಹಿಡಿದು ಇಡೀ ಮೈಯನ್ನು ಗಾಳಿಗೆ ಬಿಟ್ಟು, ಬಲಗೈ ತುದಿಯಲ್ಲಿ ರನ್ನರ್‌ನ ಹಿಮ್ಮಡಿ ಮುಟ್ಟಿ ಏಳುತ್ತಿದ್ದಳು. ಮೊಣಕೈ ತರಚಿ ರಕ್ತ ಬಂದರೆ ಮಣ್ಣು ಒರೆಸಿಕೊಂಡು ಮತ್ತೆ ಬಂದು ಕೂರುತ್ತಿದ್ದಳು. ನಮ್ಮ ತಂಡ ಗೆಲ್ಲುತ್ತಿದ್ದದ್ದೇ ಅವಳಿಂದ.

ಆ ವರ್ಷ ಒಂದು ಟೂರ್ನಮೆಂಟಿಗೆ ಬೇರೆ ಊರಿಗೆ ಹೋಗಿ ಎರಡು ರಾತ್ರಿ ಉಳಿದೆವು. ಒಂದು ಶಾಲೆಯ ಕೊಠಡಿಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತರಿಸಿ, ಜಮಖಾನ ಹಾಸಿ ಮಲಗಿದ್ದೆವು. ಜೊತೆಗೆ ಬಂದವರು ಇಬ್ಬರೂ ಗಂಡಸರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಹಾಡಿಗೆ ಸೇರಲಿಲ್ಲ. ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ತಲೆನೋವು ಅಂದುಕೊಂಡೆವು. ಸೋಮವಾರ ಅವಳು ಪ್ರಾಕ್ಟೀಸಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಶಾಲೆಗೆ ಬರುತ್ತಿದ್ದಳು, ಬೆಲ್ ಹೊಡೆದ ತಕ್ಷಣ ಹೊರಟುಬಿಡುತ್ತಿದ್ದಳು. "ಮನೇಲಿ ಬೇಡ ಅಂದ್ರಂತೆ, ದೊಡ್ಡೋಳಾದ್ಲಲ್ಲ" ಅಂತ ಯಾರೋ ಹೇಳಿದರು. ಅದು ಎಲ್ಲರಿಗೂ ಒಪ್ಪಿಗೆಯಾಗುವ ಕಾರಣ. ಹದಿನೈದು ದಿನಕ್ಕೆ ಅವಳ ಹೆಸರಿಗೆ ಗೀಟು ಬಿತ್ತು. ಅವಳ ಜಾಗದಲ್ಲಿ ಇನ್ನೊಬ್ಬಳು ಕೂತಳು.

ಎಷ್ಟೋ ವರ್ಷದ ಮೇಲೆ ಒಂದು ಮದುವೆ ಮನೆಯಲ್ಲಿ ಸಿಕ್ಕಳು. ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತೆವು. ನನ್ನ ಮಗಳನ್ನು ಖೋ ಖೋಗೆ ಸೇರಿಸಿದ್ದೇನೆ ಅಂತ ನಾನು ಖುಷಿಯಿಂದ ಹೇಳಿದೆ. ಅವಳು ಎಲೆ ಮೇಲಿನ ಅನ್ನವನ್ನು ಸುಮ್ನೆ ಕಲಸುತ್ತಾ ಕೂತಳು. ಆಮೇಲೆ, "ಜೊತೆಗೆ ಯಾರು ಹೋಗ್ತಾರೆ ನೋಡ್ಕೋ ಕಣೆ" ಅಂದಳು. ಕೈ ತೊಳೆಯುವ ಜಾಗದಲ್ಲಿ ನಿಂತು ಉಳಿದದ್ದನ್ನು ಹೇಳಿದಳು. ಅದು ಅವಳ ಮಾತು, ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಆದರೆ ಕೊನೆಯಲ್ಲಿ ಅವಳು ಹೇಳಿದ್ದನ್ನು ಬರೆಯಬಹುದು ಅಂತ ಅವಳೇ ಹೇಳಿದ್ದಾಳೆ. "ಆವಾಗ ಯಾರಾದ್ರೂ ಒಬ್ರು ಮನೆ ಹತ್ರ ಬಂದು, ಯಾಕೆ ಬರ್ತಿಲ್ಲ ಅಂತ ಕೇಳ್ತಾರೇನೋ ಅಂತ ಕಾಯ್ತಿದ್ದೆ. ಕೇಳಿದ್ರೆ ಹೇಳ್ತಿದ್ನೋ ಇಲ್ವೋ ಗೊತ್ತಿಲ್ಲ. ಆದ್ರೆ ಕಾಯ್ತಿದ್ದೆ."

ಅವಳ ಮನೆ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆ ಇತ್ತು.

ಈ ಮಾತು ಕೇಳಿದ ಮೇಲೆ ರುಚಿಕಾ ಪ್ರಕರಣವನ್ನು ನಾನು ಬೇರೆ ಥರ ಓದುತ್ತೇನೆ. ಹರಿಯಾಣದ ಪಂಚಕುಲಾ, 1990ರ ಆಗಸ್ಟ್. ಟೆನಿಸ್ ಕಲಿಯುತ್ತಿದ್ದ 14 ವರ್ಷದ ಹುಡುಗಿ. ರಾಜ್ಯದ ಟೆನಿಸ್ ಸಂಸ್ಥೆಯ ಅಧ್ಯಕ್ಷನೇ ಅವಳ ಮೇಲೆ ಕೈ ಹಾಕಿದ. ಅವನು ದೊಡ್ಡ ಪೊಲೀಸ್ ಅಧಿಕಾರಿ ಕೂಡ. ಅವಳ ಗೆಳತಿ ಕಣ್ಣಾರೆ ನೋಡಿದ್ದಳು, ಮನೆಯವರು ದೂರು ಕೊಟ್ಟಿದ್ದರು. ಆದರೂ ಶುಲ್ಕದ ಕಾರಣ ಹೇಳಿ ಶಾಲೆಯಿಂದ ಹೊರಗೆ ಕಳಿಸಿದ್ದು ಆ ಹುಡುಗಿಯನ್ನೇ. ಅಲ್ಲೂ ಗೀಟು ಬಿದ್ದಿದ್ದು ಮಗುವಿನ ಹೆಸರಿಗೆ. 1993ರಲ್ಲಿ ಅವಳು ಪ್ರಾಣ ಕಳೆದುಕೊಂಡಳು. ಕೋರ್ಟು ಅವನನ್ನು ಅಪರಾಧಿ ಅಂದಿದ್ದು 2009ರಲ್ಲಿ, ಶಿಕ್ಷೆ ಆರು ತಿಂಗಳು. ಮರುವರ್ಷ ಅದನ್ನು 18 ತಿಂಗಳಿಗೆ ಏರಿಸಿದರು. 2016ರಲ್ಲಿ ಸುಪ್ರೀಂ ಕೋರ್ಟು ಅಪರಾಧವನ್ನು ಎತ್ತಿಹಿಡಿದರೂ, ಅಷ್ಟರವರೆಗೆ ಅನುಭವಿಸಿದ ಜೈಲೇ ಸಾಕು ಅಂತ ಶಿಕ್ಷೆ ಇಳಿಸಿತು. ಇಷ್ಟು ವರ್ಷ ಆ ಕೇಸು ಸಾಯದೆ ಉಳಿದದ್ದು ಗೆಳತಿ ಮತ್ತು ಆ ಗೆಳತಿಯ ಅಪ್ಪ ಅಮ್ಮ ಬಿಡದೆ ಹಿಂದೆ ಬಿದ್ದಿದ್ದರಿಂದ. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಆ ಗೆಳತಿ. ನಾನು ಆಗಲಿಲ್ಲವಲ್ಲ ಆ ಗೆಳತಿ, ಅದಕ್ಕೆ.

"ನಮ್ಮ ಸರ್ ಅಂಥವರಲ್ಲ"

2025ರ ಜನವರಿಯಲ್ಲಿ ದಿಲ್ಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ನಮ್ಮ ಗಂಡಸರ ತಂಡ, ಹೆಂಗಸರ ತಂಡ ಎರಡೂ ನೇಪಾಳವನ್ನು ಸೋಲಿಸಿ ಕಪ್ ಗೆದ್ದವು. ಹೆಂಗಸರ ತಂಡದಲ್ಲಿ ನಮ್ಮ ಜಿಲ್ಲೆಯ, ಟಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಇದ್ದಳು. ಆಮೇಲೆ ನಮ್ಮ ಗ್ರೌಂಡಿಗೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಒಂದೇ ಸಲ ಏರಿತು. ಅಪ್ಪಂದಿರೇ ಬೈಕಿನಲ್ಲಿ ಕೂರಿಸಿಕೊಂಡು ಬಂದು "ಇವಳನ್ನೂ ಸೇರಿಸ್ಕೊಳ್ಳಿ" ಅನ್ನತೊಡಗಿದರು. ನನಗೆ ಕುಣಿದಾಡುವಷ್ಟು ಖುಷಿಯಾಯಿತು. ಭಯವೂ ಆಯಿತು. ಇಷ್ಟು ಜನ ನಮ್ಮನ್ನು ನಂಬಿ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದಾರೆ. ಆ ನಂಬಿಕೆಗೆ ನಮ್ಮ ಹತ್ತಿರ ಏನು ಆಧಾರ ಇದೆ?

ಕೂತು ಓದಿದೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಗೊತ್ತಿತ್ತು. 2020ರಲ್ಲಿ ಬಂದ ಪೋಕ್ಸೊ ನಿಯಮಗಳು ಗೊತ್ತಿರಲಿಲ್ಲ. ಅದರ ಮೂರನೇ ನಿಯಮ ಕ್ರೀಡಾ ಅಕಾಡೆಮಿಗಳನ್ನು ಹೆಸರು ಹಿಡಿದೇ ಹೇಳುತ್ತದೆ. ಮಕ್ಕಳ ಜೊತೆ ದಿನಾ ಒಡನಾಡುವ ಯಾವುದೇ ಸಂಸ್ಥೆ, ಅಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರ ಪೊಲೀಸ್ ಪರಿಶೀಲನೆ ಮಾಡಿಸಬೇಕು, ಆಗಾಗ ಮತ್ತೆ ಮಾಡಿಸಬೇಕು. ಖಾಯಂ ಇರಲಿ, ಗುತ್ತಿಗೆ ಇರಲಿ. ಮಕ್ಕಳ ರಕ್ಷಣೆ ಬಗ್ಗೆ ಅವರಿಗೆ ತರಬೇತಿಯನ್ನೂ ಕೊಡಿಸಬೇಕು. ನಮ್ಮ ಕ್ಲಬ್ಬಿನಲ್ಲಿ ಒಬ್ಬರದೂ ಆಗಿರಲಿಲ್ಲ. ಸುತ್ತಮುತ್ತಲಿನ ಕರಾಟೆ ಕ್ಲಾಸು, ಬೇಸಿಗೆ ಶಿಬಿರ, ಸ್ಕೇಟಿಂಗ್ ಕ್ಲಾಸುಗಳಲ್ಲಿ ಕೇಳಿದೆ. ಅಲ್ಲಿಯೂ ಯಾರಿಗೂ ಗೊತ್ತಿರಲಿಲ್ಲ.

ಕಮಿಟಿ ಮೀಟಿಂಗಿನಲ್ಲಿ ಇದನ್ನು ಇಟ್ಟೆ. ಶಾಲೆಯ ಸ್ಟಾಫ್ ರೂಮು, ಏಳು ಜನ, ಸ್ಟೀಲ್ ಲೋಟದಲ್ಲಿ ಟೀ. ನಾನು ಓದಿ ಮುಗಿಸುವಷ್ಟರಲ್ಲಿ ಯಾರೂ ಲೋಟ ಮುಟ್ಟಿರಲಿಲ್ಲ. ಎಲ್ಲರೂ ಕೋಚ್ ಕಡೆ ನೋಡುತ್ತಿದ್ದರು. ಅವರು ಸೀಟಿಯ ದಾರವನ್ನು ತೋರುಬೆರಳಿಗೆ ಸುತ್ತುತ್ತಿದ್ದರು, ಬಿಚ್ಚುತ್ತಿದ್ದರು, ಮತ್ತೆ ಸುತ್ತುತ್ತಿದ್ದರು. ಬೆರಳಿನ ತುದಿ ಬೆಳ್ಳಗಾಗಿತ್ತು. "ಹದಿನೆಂಟು ವರ್ಷ ಆಯ್ತು ಮೇಡಂ" ಅಂದರು. "ಮಗಳ ಮದುವೆ ದಿನಾನೂ ಬೆಳಿಗ್ಗೆ ಬಂದು ಮಕ್ಕಳನ್ನ ಓಡಿಸಿ ಹೋಗಿದೀನಿ. ಈಗ ನಾನು ಕಳ್ಳ ಅಲ್ಲ ಅಂತ ಪೊಲೀಸರ ಹತ್ರ ಬರೆಸ್ಕೊಂಡು ಬರಬೇಕಾ?" ಅಧ್ಯಕ್ಷರು ಹಿರಿಯರು. "ನೋಡಮ್ಮ, ಊರಿಗೆಲ್ಲ ಗೊತ್ತು ನಮ್ಮ ಸರ್ ಅಂಥವರಲ್ಲ ಅಂತ. ಇಂಥದ್ದೆಲ್ಲ ಶುರು ಮಾಡಿದ್ರೆ ನಾಳೆ ಯಾರೂ ಮಕ್ಕಳಿಗೆ ಆಟ ಹೇಳಿಕೊಡೋಕೆ ಬರಲ್ಲ" ಅಂದರು. ನನಗೆ ಏನು ಹೇಳಬೇಕು ಅಂತ ಹೊಳೆಯಲಿಲ್ಲ. ಮೀಟಿಂಗು ಅಲ್ಲಿಗೇ ಮುಗಿಯಿತು.

ನಮ್ಮ ಕೋಚ್ ಒಳ್ಳೆಯವರು. ನಾನೂ ಹಾಗೇ ನಂಬುತ್ತೇನೆ. ಸ್ವಂತ ದುಡ್ಡಿನಲ್ಲಿ ಮಕ್ಕಳಿಗೆ ಬಾಳೆಹಣ್ಣು ತರುತ್ತಾರೆ. ಆದರೆ ಈ 'ಅಂಥವರಲ್ಲ' ಅನ್ನುವುದು ನಮಗೆ ಹೇಗೆ ಗೊತ್ತಾಗುತ್ತದೆ? ಅಮೆರಿಕದ ಜಿಮ್ನಾಸ್ಟಿಕ್ಸ್ ತಂಡದ ಡಾಕ್ಟರ್ ಲ್ಯಾರಿ ನಾಸರ್ ಬಗ್ಗೆಯೂ ಎಲ್ಲರೂ ಇದೇ ಹೇಳುತ್ತಿದ್ದರು. ಕೋಚ್‌ಗಳು ಬೈದು ಅಳಿಸಿದ ಮಕ್ಕಳಿಗೆ ಕದ್ದು ತಿಂಡಿ ಕೊಡುತ್ತಿದ್ದವನು ಅವನು. ಚಿಕಿತ್ಸೆಯ ಹೆಸರಿನಲ್ಲಿ ಅವನು ಮಾಡಿದ ಕೆಲಸ ಕೆಲವು ಸಲ ತಾಯಿ ಅದೇ ಕೋಣೆಯಲ್ಲಿ ಕೂತಿರುವಾಗಲೇ ನಡೆದಿತ್ತು. 2018ರ ಜನವರಿಯಲ್ಲಿ ಮಿಷಿಗನ್‌ನ ಕೋರ್ಟಿನಲ್ಲಿ 150ಕ್ಕೂ ಜಾಸ್ತಿ ಹೆಣ್ಣುಮಕ್ಕಳ ಮಾತು ಕೇಳಿ ಮುಗಿಯಲು ಏಳು ದಿನ ಬೇಕಾಯಿತು. ಮಗುವಿನ ಮೇಲೆ ಕೈ ಹಾಕುವವನು ಮೊದಲು ಗಳಿಸಿಕೊಳ್ಳುವುದು ದೊಡ್ಡವರ ನಂಬಿಕೆಯನ್ನು. ಅವನು ನೋಡೋಕೆ ಕೆಟ್ಟವನ ಹಾಗೆ ಇದ್ದಿದ್ದರೆ ಮಕ್ಕಳ ಹತ್ತಿರ ಬರೋಕೆ ನಾವೇ ಬಿಡುತ್ತಿರಲಿಲ್ಲ, ಅಲ್ವಾ?

ಎರಡು ದಿನ ಬಿಟ್ಟು ಕೋಚ್ ಮನೆಗೆ ಹೋದೆ. 1994ರ ಕಥೆ ಹೇಳಿದೆ. ಆವತ್ತು ಜೊತೆಗೆ ಬಂದಿದ್ದವನನ್ನೂ ಊರೆಲ್ಲ ಅಂಥವನಲ್ಲ ಅನ್ನುತ್ತಿತ್ತು ಅಂತ ಹೇಳಿದೆ. ನಿಮ್ಮ ಮೇಲೆ ಅನುಮಾನ ಇದ್ದು ಕೇಳುತ್ತಿಲ್ಲ ಸರ್, ಅನುಮಾನ ಬಂದವರನ್ನು ಮಾತ್ರ ಕೇಳುವುದು ಅಂತಾದರೆ ಯಾರನ್ನೂ ಕೇಳುವುದಕ್ಕೇ ಆಗಲ್ಲ ಅಂದೆ. ಅವರು ಮಾತಾಡಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅವರ ಹೆಂಡತಿ, ಕೈಯಲ್ಲಿ ಸೌಟು ಹಿಡಿದೇ ಕೇಳಿದರು, "ಮೊಮ್ಮಗಳನ್ನ ಬೆಂಗಳೂರಲ್ಲಿ ಈಜು ಕ್ಲಾಸಿಗೆ ಹಾಕಿದಾರಲ್ಲ, ಅಲ್ಲಿ ಇದೆಲ್ಲ ಕೇಳಿದಾರಂತಾ?" ಕೋಚ್ ತಲೆ ಎತ್ತಿ ಹೆಂಡತಿಯನ್ನು ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಮಗಳಿಗೆ ಫೋನ್ ಮಾಡಿದರು.

ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕಿದರೆ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಸಿಗುತ್ತದೆ. ನಮ್ಮ ಕ್ಲಬ್ಬಿನಲ್ಲಿ ಮೊದಲು ತಂದವರು ಕೋಚ್. ಆಮೇಲೆ ಕಮಿಟಿಯವರು ಎಲ್ಲರೂ ತಂದೆವು, ಅಧ್ಯಕ್ಷರೂ ಸೇರಿ. ಆ ಕಾಗದದಿಂದ ಎಲ್ಲ ಸರಿಹೋಗುತ್ತದೆ ಅಂತ ನಾನು ನಂಬುವುದಿಲ್ಲ. ಒಂದು ಸಲವೂ ಸಿಕ್ಕಿಬೀಳದವನ ಬಗ್ಗೆ ಪೊಲೀಸರ ಹತ್ತಿರ ಏನೂ ಇರುವುದಿಲ್ಲ. ದೂರು ದಾಖಲಾದವನನ್ನು ಮಾತ್ರ ಅದು ಹಿಡಿಯುತ್ತದೆ. ಅದಕ್ಕೇ ಗ್ರೌಂಡಿನ ದಿನನಿತ್ಯದ ಪದ್ಧತಿ ಕಾಗದಕ್ಕಿಂತ ಮುಖ್ಯ.

ಬೆನ್ನು ಮುಟ್ಟುವ ರೀತಿ

ಖೋ ಖೋ ಅನ್ನುವುದು ಮುಟ್ಟುವ ಆಟ. ಎಂಟು ಜನ ಸಾಲಾಗಿ, ಒಬ್ಬರು ಆ ಕಡೆ ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಹಿಂದಿನಿಂದ ಬಂದವಳು ಬೆನ್ನು ಮುಟ್ಟಿ ಜೋರಾಗಿ 'ಖೋ' ಅಂದರೆ ಮಾತ್ರ ಏಳಬೇಕು. ಮುಟ್ಟುವುದು, ಕೂಗುವುದು ಎರಡೂ ಒಟ್ಟಿಗೇ ಆಗಬೇಕು. ಬಾಯಿಬಿಡದೆ ಮುಟ್ಟಿದರೆ ಫೌಲ್. ಮಕ್ಕಳಿಗೆ ನಮ್ಮ ನಿಯಮಗಳನ್ನು ಹೇಳುವಾಗ ನಾನು ಇಲ್ಲಿಂದಲೇ ಶುರು ಮಾಡಿದೆ. ಸ್ನಾಯು ಹಿಡಿದಾಗ, ಕಾಲು ಉಳುಕಿದಾಗ, ಡೈವ್ ಕಲಿಸುವಾಗ ದೊಡ್ಡವರು ನಿಮ್ಮನ್ನು ಮುಟ್ಟಬೇಕಾಗುತ್ತದೆ. ಆಗ ಎಲ್ಲಿ, ಯಾಕೆ ಮುಟ್ಟುತ್ತೇನೆ ಅಂತ ಮೊದಲು ಬಾಯಲ್ಲಿ ಹೇಳಬೇಕು. ನೀವು ಹೂಂ ಅನ್ನಬೇಕು. ಎಲ್ಲರಿಗೂ ಕಾಣುವ ಕಡೆ ಆಗಬೇಕು. ಯಾರಾದರೂ ಹೇಳದೆ ಮುಟ್ಟಿದರೆ, ಇದನ್ನು ಯಾರಿಗೂ ಹೇಳಬೇಡ ಅಂದರೆ, ಅದು ಫೌಲ್. ಹತ್ತು ವರ್ಷದ ಒಬ್ಬ ಹುಡುಗ ಕೈ ಎತ್ತಿ, "ಸೀಟಿ ಯಾರು ಊದ್ತಾರೆ ಮಿಸ್?" ಅಂದ. ನೀನೇ ಊದಬಹುದು, ಕೂಗು, ಓಡು, ನನಗೆ ಹೇಳು, ಅಮ್ಮನಿಗೆ ಹೇಳು, 1098ಕ್ಕೆ ಫೋನ್ ಮಾಡು ಅಂದೆ. ಅದು ದುಡ್ಡು ಹಾಕದೆ ಮಾಡಬಹುದಾದ ಮಕ್ಕಳ ಸಹಾಯವಾಣಿ. ಆ ನಂಬರನ್ನು ಅವರೇ ಸುಣ್ಣದಲ್ಲಿ ಕಾಂಪೌಂಡಿನ ಒಳಗೋಡೆಗೆ ಬರೆದರು. ಗಂಡುಮಕ್ಕಳು ಇದನ್ನೆಲ್ಲ ಎಷ್ಟು ಗಮನವಿಟ್ಟು ಕೇಳಿದರು ಅನ್ನುವುದನ್ನು ಹೇಳಲೇಬೇಕು. ನಾವು ಇದನ್ನು ಹೆಣ್ಣುಮಕ್ಕಳ ವಿಷಯ ಅಂತಲೇ ಇಟ್ಟುಬಿಟ್ಟಿದ್ದೇವೆ. ಪೋಕ್ಸೊ ಹಾಗೆ ಇಟ್ಟಿಲ್ಲ. 18 ತುಂಬದ ಎಲ್ಲರೂ ಅದಕ್ಕೆ ಮಕ್ಕಳೇ.

ಉಳಿದ ಪದ್ಧತಿಗಳು ಸರಳ. ಒಂದು ಮಗು, ಒಬ್ಬರು ದೊಡ್ಡವರು, ಮುಚ್ಚಿದ ಕೋಣೆ, ಈ ಮೂರು ಒಟ್ಟಿಗೆ ಸೇರಬಾರದು. ಯಾರ ಮಗುವನ್ನೂ ಒಬ್ಬರೇ ಬೈಕಿನಲ್ಲಿ ಮನೆಗೆ ಬಿಡುವಂತಿಲ್ಲ. ಮೆಸೇಜು ಅಪ್ಪ ಅಮ್ಮ ಇರುವ ಗ್ರೂಪಿನಲ್ಲೇ. ಇದರಲ್ಲಿ ಒಂದು ಸಲ ಕಷ್ಟವಾಯಿತು. ನಮ್ಮಲ್ಲೇ ಆಡಿ ಬೆಳೆದ, ಈಗ ಚಿಕ್ಕವರಿಗೆ ಹೇಳಿಕೊಡುವ ಹುಡುಗನೊಬ್ಬ ಒಂಬತ್ತನೇ ಕ್ಲಾಸಿನವಳಿಗೆ ರಾತ್ರಿ ಹನ್ನೊಂದಕ್ಕೆ ಮೆಸೇಜು ಮಾಡುತ್ತಿದ್ದ. "ಸುಮ್ನೆ ಮಾತಾಡಿದ್ದು ಅಕ್ಕ, ಆಟದ ಬಗ್ಗೆನೇ" ಅಂದ. ಅವಳ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಎಲ್ಲ ಮೆಸೇಜೂ ಓದಿದೆವು. ನಿಜವಾಗಿಯೂ ಆಟದ ಬಗ್ಗೆಯೇ ಇತ್ತು. ಆದರೂ ಹೇಳಿಕೊಡುವ ಕೆಲಸದಿಂದ ಅವನನ್ನು ಬಿಡಿಸಿದೆವು. ಅವನು ನನ್ನ ಜೊತೆ ಈಗಲೂ ಮಾತು ಬಿಟ್ಟಿದ್ದಾನೆ. ನನಗೆ ಬೇಜಾರಿದೆ, ಆದರೆ ಮತ್ತೆ ಅಂಥದೇ ಬಂದರೂ ಅದನ್ನೇ ಮಾಡುತ್ತೇನೆ.

ಹೊರಗಿನ ಊರಿಗೆ ಹೋಗುವಾಗ ಹೆಣ್ಣುಮಕ್ಕಳ ಜೊತೆ ಒಬ್ಬರಾದರೂ ಹೆಂಗಸರು ಇರಲೇಬೇಕು. ಇದು ದೊಡ್ಡ ಮಟ್ಟದಲ್ಲೇ ಇತ್ತೀಚೆಗೆ ಬಂದ ನಿಯಮ. 2022ರಲ್ಲಿ ಸೈಕ್ಲಿಂಗ್ ಆಟಗಾರ್ತಿಯೊಬ್ಬರು ವಿದೇಶದ ತರಬೇತಿ ಶಿಬಿರದಿಂದ ತಮ್ಮ ಕೋಚ್ ಮೇಲೆ ದೂರು ಕೊಟ್ಟ ಮೇಲೆ, ಆಟಗಾರ್ತಿಯರಿರುವ ತಂಡದ ಜೊತೆ ಮಹಿಳಾ ಕೋಚ್ ಕಡ್ಡಾಯ ಅಂತ ಭಾರತ ಕ್ರೀಡಾ ಪ್ರಾಧಿಕಾರ ಹೇಳಿತು. ಮರುವರ್ಷ ಕುಸ್ತಿಪಟುಗಳು ಜಂತರ್ ಮಂತರ್‌ನಲ್ಲಿ ರಸ್ತೆ ಮೇಲೆ ಮಲಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು. ದೇಶಕ್ಕೆ ಪದಕ ತಂದವರಿಗೇ ದೂರು ಹೇಳಲು ರಸ್ತೆ ಬೇಕಾದರೆ, ನಮ್ಮೂರಿನ ಏಳನೇ ಕ್ಲಾಸಿನವಳು ಎಲ್ಲಿಗೆ ಹೋಗಬೇಕು? ಹೋದ ಡಿಸೆಂಬರಿನಲ್ಲಿ ಒಂದು ಟೂರ್ನಮೆಂಟಿಗೆ ಹೊರಟಾಗ ಕೊನೆ ಗಳಿಗೆಯಲ್ಲಿ ಜೊತೆಗೆ ಬರಬೇಕಿದ್ದ ಟೀಚರಿಗೆ ಜ್ವರ ಬಂತು. ನನಗೆ ಮನೆಯಲ್ಲಿ ಅತ್ತೆಯ ಆಪರೇಷನ್. ಬೇರೆ ಯಾರೂ ಸಿಗಲಿಲ್ಲ. ಹೆಣ್ಣುಮಕ್ಕಳ ತಂಡ ಹೋಗಲಿಲ್ಲ. ಹೊಸ ಜರ್ಸಿ ಹಾಕಿಕೊಂಡೇ ಬಂದಿದ್ದ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ಅತ್ತರು. ಅವತ್ತು ರಾತ್ರಿ ನಾನೂ ಅತ್ತೆ. ಈಗ ಪಟ್ಟಿಯಲ್ಲಿ ನಾಲ್ಕು ಜನ ತಾಯಂದಿರ ಹೆಸರಿದೆ.

ಸುಣ್ಣದ ಗೆರೆ

ನಮ್ಮ ಅಂಕಣಕ್ಕೆ ಗೆರೆ ಹಾಕುವವನು ಕುಮಾರ. ಹೆಸರು ಬದಲಾಯಿಸಿದ್ದೇನೆ. ವಯಸ್ಸು 28, ಬುದ್ಧಿ ಏಳೆಂಟು ವರ್ಷದ ಮಗುವಿನದು ಅಂತ ಅವನ ಅಮ್ಮ ಹೇಳುತ್ತಾರೆ. ಆ ಕಂಬದಿಂದ ಈ ಕಂಬಕ್ಕೆ ದಾರ ಕಟ್ಟಿ, ಮಂಡಿಯೂರಿ, ಹಿಡಿಯಿಂದ ಸುಣ್ಣದ ಪುಡಿ ಬಿಡುತ್ತಾ ಹೋಗುತ್ತಾನೆ. ಗೆರೆ ಒಂದು ಚೂರೂ ಅಲುಗಾಡುವುದಿಲ್ಲ. ಎರಡು ವರ್ಷದಿಂದ ಅವನು ದಿನಾ ಬರುತ್ತಿದ್ದ. ಒಂದು ವಾರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರೇ ಇರಲಿಲ್ಲ, ಹಾಗಾಗಿ ಗೀಟೂ ಬೀಳಲಿಲ್ಲ. ಮನೆಗೆ ಹೋದೆ. "ಮೊಬೈಲ್ ಕಂಡ್ರೆ ಸಾಕು, ಎರಡೂ ಕೈಲಿ ಮುಖ ಮುಚ್ಕೊಂಡುಬಿಡ್ತಾನೆ ಅಕ್ಕ" ಅಂದರು ಅವನ ಅಮ್ಮ.

ಆಗಿದ್ದು ಇಷ್ಟು. ದೊಡ್ಡ ಹುಡುಗರು ಚಿಪ್ಸ್ ಕೊಡುತ್ತೇವೆ ಅಂತ ಅವನನ್ನು ಕುಣಿಸಿದ್ದರು. ಅಂಗಿ ಬಿಚ್ಚಿಸಿದ್ದರು. ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿದ್ದರು. ಆ ಸ್ಟೇಟಸ್ ನೋಡಿದ ದೊಡ್ಡವರು ನಮ್ಮಲ್ಲೇ ಇದ್ದರು. ನೋಡಿ ನಕ್ಕಿದ್ದರು.

ಇಲ್ಲಿ ಕಾನೂನಿನಲ್ಲಿ ಒಂದು ಸಂದು ಇದೆ. ಪೋಕ್ಸೊ ಲೆಕ್ಕ ಹಾಕುವುದು ಹುಟ್ಟಿದ ದಿನದಿಂದ. ಬುದ್ಧಿಯ ವಯಸ್ಸನ್ನೂ ಸೇರಿಸಿಕೊಳ್ಳಬೇಕು ಅಂತ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2017ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಅಂದರೆ ಕುಮಾರನಂಥವರಿಗೆ ಮಕ್ಕಳ ಕಾನೂನು ಇಲ್ಲ. ಅವರಿಗಿರುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಹಿಂಸೆ, ಶೋಷಣೆ ನಡೆಯುತ್ತಿದೆ ಅಂತ ಗೊತ್ತಾದ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಹೇಳಬಹುದು ಅಂತ ಅದರ 7ನೇ ಸೆಕ್ಷನ್ ಹೇಳುತ್ತದೆ. ನಮ್ಮ ತಾಲ್ಲೂಕಿನಲ್ಲಿ ಅದು ತಹಶೀಲ್ದಾರರು. ಅಂಗವಿಕಲರನ್ನು ಜನರ ಎದುರು ಬೇಕೆಂದೇ ಅವಮಾನ ಮಾಡಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು, ಅದು 92ನೇ ಸೆಕ್ಷನ್. ಇದನ್ನು ಆ ಹುಡುಗರಿಗೂ ಅವರ ಅಪ್ಪಂದಿರಿಗೂ ಓದಿ ಹೇಳಿದೆ. ವಿಡಿಯೋ ಎಲ್ಲ ಕಡೆ ಅಳಿಸಿದರು, ಮನೆಗೆ ಬಂದು ಕ್ಷಮೆ ಕೇಳಿದರು. ದೂರು ಕೊಡುವುದು ಬೇಡ ಅಂದಿದ್ದು ಅವನ ಅಮ್ಮ. ಆದರೆ ಕುಮಾರನನ್ನು ಯಾರೂ ಏನೂ ಕೇಳಿರಲಿಲ್ಲ. ಪಕ್ಕದಲ್ಲಿ ಕೂತು, ನಿನಗೇನು ಬೇಕು ಕುಮಾರ ಅಂತ ಕೇಳಿದೆ. ಬಹಳ ಹೊತ್ತು ಯೋಚನೆ ಮಾಡಿ, "ಫೋಟೋ ಬೇಡ" ಅಂದ. ಅವತ್ತಿನಿಂದ ಗ್ರೌಂಡಿಗೆ ಬಂದ ತಕ್ಷಣ ಎಲ್ಲರ ಫೋನೂ ಒಂದು ಬಕೆಟ್ಟಿನಲ್ಲಿ. ನನ್ನದೂ ಅಷ್ಟೇ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಈಗ ಮೊದಲನೇ ಸಾಲಿನಲ್ಲಿದೆ.

ಮಗು ಬಾಯಿ ಬಿಟ್ಟರೆ

ನಮ್ಮ ಕಮಿಟಿಯಲ್ಲಿ ಜಾಸ್ತಿ ಹೊತ್ತು ಚರ್ಚೆಯಾದದ್ದು ಇದೇ. ಒಂದು ಮಗು ಬಂದು ಏನೋ ಹೇಳಿತು ಅಂತಿಟ್ಟುಕೊಳ್ಳಿ. ಮೊದಲು ನಾವು ವಿಚಾರಿಸೋಣ, ಇಬ್ಬರನ್ನೂ ಕೂರಿಸಿ ಕೇಳೋಣ, ನಿಜ ಅಂತ ಗೊತ್ತಾದರೆ ಮುಂದೆ ನೋಡೋಣ. ನಮ್ಮ ಕಡೆ ಎಲ್ಲದಕ್ಕೂ ಹೀಗೇ ಮಾಡಿ ಅಭ್ಯಾಸ. ಇದೊಂದರಲ್ಲಿ ಮಾತ್ರ ಹಾಗೆ ಮಾಡಲೇಬಾರದು. ಪೋಕ್ಸೊದ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ತಕ್ಷಣ ಪೊಲೀಸರಿಗೆ ಹೇಳಬೇಕು. ಆಗಬಹುದು ಅನ್ನುವ ಆತಂಕ ಇದ್ದರೂ ಹೇಳಬೇಕು. ಸಾಬೀತು ಮಾಡುವುದು ನಮ್ಮ ಕೆಲಸ ಅಲ್ಲ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವಂತಿಲ್ಲ. ಹೇಳದೆ ಮುಚ್ಚಿಟ್ಟರೆ ಶಿಕ್ಷೆ ಇದೆ. ಸಂಸ್ಥೆಯ ಜವಾಬ್ದಾರಿ ಹೊತ್ತವರು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. "ಕ್ಲಬ್ಬಿನ ಹೆಸರು?" ಅಂದರು ಒಬ್ಬರು. ಕ್ಲಬ್ಬಿನ ಹೆಸರಿಗೆ ಗೀಟು ಬಿದ್ದರೂ ಪರವಾಗಿಲ್ಲ, ಮಗುವಿನ ಹೆಸರಿಗೆ ಬೀಳಬಾರದು ಅಂದರು ನಮ್ಮ ಕೋಚ್. ನಾನು ಅವರನ್ನೇ ನೋಡುತ್ತಾ ಕೂತೆ.

ಮಗು ಹೇಳುವಾಗ ಮಧ್ಯೆ ಬಾಯಿ ಹಾಕಬಾರದು. ಯಾಕೆ ಇಷ್ಟು ದಿನ ಹೇಳಲಿಲ್ಲ ಅಂತ ಕೇಳಲೇಬಾರದು. "ಯಾರಿಗೂ ಹೇಳಬೇಡಿ ಮಿಸ್" ಅಂದರೆ ಹೂಂ ಅನ್ನಬಾರದು. ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳುತ್ತೇನೆ ಅನ್ನಬೇಕು. ಮಗು ಬಳಸಿದ ಮಾತನ್ನೇ ಬರೆದಿಡಬೇಕು, ನಮ್ಮ ಮಾತು ಸೇರಿಸಬಾರದು. ಅಪ್ಪ ಅಮ್ಮಂದಿರಿಗೆ ಠಾಣೆ ಅಂದರೆ ಭಯ. ಮಗುವನ್ನು ಠಾಣೆಗೆ ಕರೆದುಕೊಂಡು ಹೋಗಬೇಕಾಗಿಲ್ಲ, ಪೊಲೀಸರು ಮನೆಗೇ ಬಂದು, ಯೂನಿಫಾರ್ಮ್ ಹಾಕದೆ, ಆದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರೇ ಹೇಳಿಕೆ ಬರೆದುಕೊಳ್ಳಬೇಕು ಅಂತ ಕಾನೂನೇ ಹೇಳುತ್ತದೆ. ಇದನ್ನು ಹೇಳಿದಾಗ ಪೋಷಕರ ಸಭೆಯಲ್ಲಿ ಹಿಂದೆ ಕೂತಿದ್ದ ಒಬ್ಬ ತಾಯಿ, "ಇದು ನಮಗೆ ಮೊದಲೇ ಗೊತ್ತಿದ್ರೆ" ಅಂದರು. ಮುಂದೆ ಏನೂ ಹೇಳಲಿಲ್ಲ. ಸಭೆ ಮುಗಿದ ಮೇಲೆ ಅವರ ಪಕ್ಕದಲ್ಲಿ ನಡೆದುಕೊಂಡು ಅವರ ಬೀದಿಯ ತಿರುವಿನವರೆಗೂ ಹೋದೆ. ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ನಂಬರ್ ಅವರ ಹತ್ತಿರ ಇದೆ.

ಹೊಸ ಕಾಲಂ

ಈಗ ಹಾಜರಿ ಪುಸ್ತಕದ ಕೊನೆಯಲ್ಲಿ ನಾನೇ ಒಂದು ಕಾಲಂ ಗೆರೆ ಎಳೆದಿದ್ದೇನೆ. 'ಮನೆಗೆ ಹೋಗಿ ಕೇಳಿದ್ದು.' ಮೂರು ದಿನ ಸಾಲಾಗಿ 'ಗೈ' ಬಿದ್ದರೆ ನಾನೋ ಇನ್ನೊಬ್ಬ ಕಮಿಟಿಯವರೋ ಮನೆಗೆ ಹೋಗುತ್ತೇವೆ. ಅಲ್ಲಿ ಸಿಗುವುದು ಜಾಸ್ತಿ ಸಲ ಜ್ವರ, ಅಜ್ಜಿ ಮನೆ, ಗಣಿತದ ಟ್ಯೂಷನ್. ಅದನ್ನೇ ಬರೆದು ಬರುತ್ತೇವೆ.

ಹೋದ ತಿಂಗಳು ಆರನೇ ಕ್ಲಾಸಿನ ಒಬ್ಬಳು ನಾಲ್ಕು ದಿನ ಬರಲಿಲ್ಲ. ಸಂಜೆ ಅವರ ಮನೆಗೆ ಹೋದೆ. ಅವಳ ಅಮ್ಮ ಬೀಡಿ ಕಟ್ಟುತ್ತಿದ್ದರು. "ಕೇಳಿದ್ರೆ ಹೇಳಲ್ಲ ಅಕ್ಕ, ಬೇಜಾರು ಅಂತಾಳೆ" ಅಂದರು. ಅವಳು ಬಾಗಿಲ ಹಿಂದೆ ನಿಂತಿದ್ದಳು, ಬಾಗಿಲ ಸಂದಿಯಲ್ಲಿ ಜಡೆಯ ತುದಿ ಕಾಣುತ್ತಿತ್ತು. ನಾನು ಜಗಲಿ ಮೇಲೆ ಕೂತು ಅವಳ ಅಮ್ಮನ ಜೊತೆ ಅದೂ ಇದೂ ಮಾತಾಡಿದೆ. ಅರ್ಧ ಗಂಟೆ ಆದ ಮೇಲೆ ಅವಳೇ ಬಂದು ಪಕ್ಕದಲ್ಲಿ ಕೂತಳು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಏನು ಕೇಳಬೇಕಾಗುತ್ತದೋ ಅಂತ.

"ಮಿಸ್, ಬಟ್ಟೆ ಬದಲಾಯಿಸೋ ರೂಮಿಗೆ ಚಿಲಕ ಇಲ್ಲ" ಅಂದಳು. "ಮೊದ್ಲು ನನ್ನ ಫ್ರೆಂಡ್ ಬಾಗಿಲು ಹಿಡ್ಕೊಳ್ತಿದ್ಲು. ಅವಳು ಹಾಸ್ಟೆಲಿಗೆ ಹೋದ್ಲು. ಈಗ ಹಿಡ್ಕೊಳ್ಳೋಕೆ ಯಾರೂ ಇಲ್ಲ."

ಅಷ್ಟೇನಾ, ಬೇರೆ ಏನಾದರೂ ಇದೆಯಾ ಅಂತ ಮೆಲ್ಲಗೆ ಕೇಳಿದೆ. ಇಲ್ಲ ಅಂತ ತಲೆ ಆಡಿಸಿದಳು. ಆ ರೂಮಿಗೆ ಚಿಲಕ ಇಲ್ಲದೆ ಎಷ್ಟು ದಿನವಾಯಿತು ಅಂತ ಮಾರನೇ ದಿನ ವಿಚಾರಿಸಿದೆ. ಯಾರಿಗೂ ನೆನಪಿರಲಿಲ್ಲ. ಕೋಚ್ ಹಾರ್ಡ್‌ವೇರ್ ಅಂಗಡಿಯಿಂದ ಚಿಲಕ ತಂದರು. ಕುಮಾರ ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ಒಂದೊಂದಾಗಿ ಕೊಟ್ಟ. ಹೊರಗಿನಿಂದ ಬೆಳಕು ಬೀಳುತ್ತಿದ್ದ ಕಿಟಕಿಯ ಒಡೆದ ಗಾಜಿಗೆ ತಗಡು ಹೊಡೆದೆವು.

ಸೋಮವಾರ ಅವಳು ಬಂದಳು. ನೇರ ಆ ರೂಮಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ತೆಗೆದಳು, ಮತ್ತೆ ಹಾಕಿದಳು. ನಾನು ಪುಸ್ತಕ ತೆಗೆದು ಅವಳ ಸಾಲಿನಲ್ಲಿ 'ಹಾ' ಅಂತ ಬರೆದೆ.